ಸೋಂಬೇರಿ ಕಟ್ಟೆ

ಕೆಲಸಕ್ಕೆ ಜಾಗ ಬೇಕೆಂದರೆ ಯಾರೂ ಅಲ್ಲಗಳೆಯುವುದಿಲ್ಲ. ಕಾರಖಾನೆಗೆ ಜಾಗ ಬೇಕು, ಕಚೇರಿಗೆ ಬೇಕು, ಅಂಗಡಿಗಂತೂ ಬೇಕೇ ಬೇಕು. ಆದರೆ ಸುಮ್ಮನೆ ಕೂರುವುದಕ್ಕೆ ಜಾಗ ಬೇಕೆಂದು ಅರ್ಜಿ ಹಾಕಿ ನೋಡಿ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತನೇ ನಕ್ಕುಬಿಡುತ್ತಾನೆ. ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಉದಾರಿಗಳು. ಊರಿಗೊಂದು ಅರಳಿಮರ ನೆಟ್ಟು, ಮರಕ್ಕೊಂದು ಕಟ್ಟೆ ಕಟ್ಟಿಸಿ, ಅದರ ಮೇಲೆ ಕೂತವರನ್ನು ಬೈಯುತ್ತಲೇ ಕೂರುವುದಕ್ಕೆ ಬಿಟ್ಟರು. ಅದಕ್ಕೆ ಸೋಂಬೇರಿ ಕಟ್ಟೆ ಎಂದು ಹೆಸರನ್ನೂ ಇಟ್ಟರು. ಹೆಸರಿನಲ್ಲಿ ಬೈಗುಳ ಇದೆ, ನಿಜ. ಆದರೆ ಆ ಬೈಗುಳಕ್ಕೆ ಕಲ್ಲು ಹಾಸಿಕೊಟ್ಟವರೂ ಅವರೇ ಎಂಬುದನ್ನು ಮರೆಯಬಾರದು.

ಈ ಹೆಸರನ್ನು ನಾನು ಬಹಳ ಕಾಲದ ಮೇಲೆ ಮತ್ತೆ ಕೇಳಿದ್ದು ಬೆಂಗಳೂರಿನಲ್ಲಿ, ಅದೂ ಕಲಾವಿದರ ನಡುವೆ. ಶಿಲ್ಪಿಯಾಗಿ ಆರಂಭಿಸಿ, ಆಮೇಲೆ ತಾವೇ ವೇಷ ಹಾಕಿಕೊಂಡು ಛಾಯಾಚಿತ್ರಗಳಲ್ಲಿ ಪಾತ್ರವಾಗಿ ನಿಂತ ಪುಷ್ಪಮಾಲಾ ಎನ್. ಅವರು 'ಸೋಂಬೇರಿ ಕಟ್ಟೆ' ಎಂಬ ಕಾಲ್ಪನಿಕ ಸಂಸ್ಥೆಯೊಂದನ್ನು ಹುಟ್ಟುಹಾಕಿದ್ದಾರೆ. ಒಮ್ಮೆ ಅದು ಗೋಷ್ಠಿಯ ವೇದಿಕೆ, ಇನ್ನೊಮ್ಮೆ ಚಲನಚಿತ್ರ ತಯಾರಿಸುವವರ ಹೆಸರು. ದೇಶವಿದೇಶಗಳ ಚಿತ್ರಶಾಲೆಗಳಲ್ಲಿ ಮನ್ನಣೆ ಪಡೆದ ಕಲಾವಿದೆಯೊಬ್ಬರು ತಮ್ಮ ಸಂಸ್ಥೆಗೆ ಹುಡುಕಿ ಹುಡುಕಿ ಈ ಹೆಸರನ್ನಿಟ್ಟರಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ತಮಾಷೆಗೆ ಇಟ್ಟ ಹೆಸರೇ ಇರಬಹುದು. ಆದರೆ ಕಲೆಯ ವಿಷಯದಲ್ಲಿ ಈ ತಮಾಷೆ ಎಷ್ಟು ನಿಜವೆಂಬುದು ನನಗೆ ತಿಳಿದದ್ದು ನಮ್ಮ ಜಾವಳಿಯಲ್ಲಿ, ಒಂದು ಮುಂಗಾರಿನಲ್ಲಿ. ಅಲ್ಲಿಗೆ ಬರುವ ಮೊದಲು ಒಂದು ಪದದ ಜಗಳವನ್ನು ತೀರಿಸಬೇಕಾಗಿದೆ.

ಆ ಪದ 'ರೆಸಿಡೆನ್ಸಿ'. ಇಂದಿನ ಕಲಾವಿದರು ಒಬ್ಬರನ್ನೊಬ್ಬರು ಕಂಡರೆ ಮಳೆಬೆಳೆಯ ಬದಲು ರೆಸಿಡೆನ್ಸಿಯ ಮಾತನ್ನಾಡುತ್ತಾರೆ. "ನನಗೆ ಜರ್ಮನಿಯಲ್ಲಿ ರೆಸಿಡೆನ್ಸಿ ಸಿಕ್ಕಿತು," "ಅವಳು ರೆಸಿಡೆನ್ಸಿಯಲ್ಲಿದ್ದಾಳೆ." ಇದನ್ನು ಊರಿನಲ್ಲಿ ನಮ್ಮ ಅಣ್ಣಯ್ಯನಿಗೆ ಹೇಳಿದಾಗ ಅವನು, "ರೆಸಿಡೆನ್ಸಿ ರೋಡಿನಲ್ಲಿ ಮನೆ ಮಾಡಿದ್ದಾಳೋ? ಬಾಡಿಗೆ ಜಾಸ್ತಿ ಆಯ್ತಲ್ಲ ಮಾರಾಯ," ಎಂದ. ಅವನ ಮಾತನ್ನು ತೆಗೆದುಹಾಕುವಂತಿಲ್ಲ. ಬೆಂಗಳೂರಿನ ಆ ರಸ್ತೆಗೆ ಹೆಸರು ಬಂದದ್ದು ಬ್ರಿಟಿಷ್ ರೆಸಿಡೆಂಟನ ಬಂಗಲೆಯಿಂದ. ಆ ರೆಸಿಡೆಂಟ್ ಮೈಸೂರಿನ ಅರಸರ ಮೇಲೆ ಒಂದು ಕಣ್ಣಿಟ್ಟು ಕೂತಿದ್ದ ಮನುಷ್ಯ. ತಾನು ಬಂದ ಊರನ್ನು ತನ್ನ ದಾರಿಗೆ ತರುವುದೇ ಅವನ ಉದ್ಯೋಗ. ನಾನು ಹೇಳುತ್ತಿರುವ ರೆಸಿಡೆನ್ಸಿ ಇದಕ್ಕೆ ತದ್ವಿರುದ್ಧ. ಕಲಾವಿದನೊಬ್ಬ ತನ್ನದಲ್ಲದ ಊರಿಗೆ ಬಂದು, ಕೆಲವು ವಾರವೋ ತಿಂಗಳೋ ಉಳಿದು, ಆ ಊರು ತನ್ನನ್ನು ಏನು ಮಾಡುತ್ತದೆ ಎಂದು ಕಾಯುವುದು ಇದರ ಲಕ್ಷಣ. ಕನ್ನಡದಲ್ಲಿ ಇದಕ್ಕೆ ಹೊಸ ಶಬ್ದವನ್ನು ಟಂಕಿಸಬೇಕಾಗಿಲ್ಲ. ಯಕ್ಷಗಾನದ ಮೇಳದವರಿಗೆ ಊರವರು ಕೊಡುತ್ತಿದ್ದ ತಂಗುವ ಮನೆಗೆ ಬಿಡಾರ ಎನ್ನುತ್ತೇವೆ. ರೆಸಿಡೆನ್ಸಿ ಎಂದರೆ ಬಿಡಾರ. ಇಷ್ಟು ಹೇಳಿದ ಮೇಲೆ ಅಣ್ಣಯ್ಯನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅನುಮಾನ ಹೆಚ್ಚಾಯಿತು. "ಮೇಳದವರು ರಾತ್ರಿ ಆಟ ಆಡ್ತಾರೆ. ಇವರು ಎಂಥ ಮಾಡ್ತಾರೆ?" ಎಂದು ಕೇಳಿದ.

ಇದು ಸಾಮಾನ್ಯವಾದ ಪ್ರಶ್ನೆಯಲ್ಲ. ಜಗತ್ತಿನಲ್ಲೆಲ್ಲ ಕೇಳುವ ಪ್ರಶ್ನೆ. ಅದಕ್ಕೆ ಅಮೆರಿಕದಲ್ಲಿ ಒಬ್ಬ ಹೆಂಗಸು ಕೊಟ್ಟ ಉತ್ತರ ನನಗೆ ಬಹಳ ಮೆಚ್ಚುಗೆಯಾಗಿದೆ. ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ಪೀಟರ್‌ಬರೋ ಎಂಬ ಊರಿನಲ್ಲಿ ಎಡ್ವರ್ಡ್ ಮ್ಯಾಕ್‌ಡೊವೆಲ್ ಎಂಬ ಸಂಗೀತ ರಚನಕಾರರೂ ಅವರ ಹೆಂಡತಿ ಮೇರಿಯನ್ನರೂ 1896ರಲ್ಲಿ ಒಂದು ಹೊಲಮನೆಯನ್ನು ಕೊಂಡರು. ಊರ ಗಲಾಟೆಯಿಂದ ದೂರದ ಆ ಕಾಡಿನಲ್ಲಿ ಕೆಲಸ ಸಾಗುವುದನ್ನು ಕಂಡು, ಇದು ಬೇರೆ ಕಲಾವಿದರಿಗೂ ದೊರೆಯಲಿ ಎಂದು ಮ್ಯಾಕ್‌ಡೊವೆಲ್ ಆಸೆಪಟ್ಟರು. 1907ರಲ್ಲಿ ಅಲ್ಲಿ ಬಿಡಾರ ಆರಂಭವಾಯಿತು; ಮರುವರ್ಷವೇ ಅವರು ತೀರಿಕೊಂಡರು. ಪಿಯಾನೊ ವಾದಕಿಯಾಗಿದ್ದ ಮೇರಿಯನ್ ಊರೂರು ತಿರುಗಿ ಕಚೇರಿ ಮಾಡಿ ಹಣ ಕೂಡಿಸಿ ಆ ಜಾಗವನ್ನು ನಡೆಸಿಕೊಂಡು ಬಂದರು. ಅಲ್ಲಿನ ಕುಟೀರಗಳು ಒಂದಕ್ಕೊಂದು ಕಾಣದಂತೆ ಕಾಡಿನ ನಡುವೆ ಚೆದುರಿಕೊಂಡಿವೆ. ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿಟ್ಟು, ಬಾಗಿಲು ತಟ್ಟದೆ, ಹೊಸ್ತಿಲ ಬಳಿ ಇರಿಸಿ ಹೋಗುವುದು ಅಲ್ಲಿಯ ಪದ್ಧತಿ.

ಬಾಗಿಲು ತಟ್ಟದೆ! ಮಲೆನಾಡಿನವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ನಮ್ಮಲ್ಲಿ ಅತಿಥಿಸತ್ಕಾರವೆಂದರೆ ಮೂರು ಬಾರಿ ತಟ್ಟಿ, ನಾಲ್ಕು ಬಾರಿ ಕರೆದು, ಬೇಡವೆಂದರೂ ಬಡಿಸಿ, ಬಡಿಸಿದ ಮೇಲೆ 'ಏನೂ ತಿನ್ನಲಿಲ್ಲ' ಎಂದು ಆಕ್ಷೇಪಿಸುವುದು. ಅನ್ನ ಹಾಕುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಒಬ್ಬಂಟಿಯಾಗಿ ಬಿಡುವ ಉಪಕಾರ ಮಾತ್ರ ನಮಗೆ ತಿಳಿಯದು.

ಹಾಗೆಂದು ನಮ್ಮ ಸೀಮೆಗೆ ಹೊರಗಿನಿಂದ ಬಂದು ಉಳಿದು ಕೆಲಸ ಮಾಡಿದ ಕಲಾವಿದರೇ ಇಲ್ಲವೆಂದಲ್ಲ. ನಮ್ಮ ಜಿಲ್ಲೆಯ ಗಡಿಗೆ ಅಂಟಿಕೊಂಡೇ ಬೇಲೂರಿದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಮದನಿಕೆಯರ ಕೆಳಗೆ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿಟ್ಟಿದ್ದಾರೆ. ಹೆಸರಿನ ಜೊತೆಗೆ ಊರಿನ ಹೆಸರೂ ಇದೆ: ಬಳ್ಳಿಗಾವೆ. ಅದು ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಎತ್ತಿನ ಗಾಡಿಯ ಕಾಲಕ್ಕೆ ಅದು ಪರಸ್ಥಳವೇ ಸರಿ. ತಾವು ಈ ಊರಿನವರಲ್ಲ, ಬಂದು ಉಳಿದು ಮಾಡಿದವರು ಎಂಬ ಅಭಿಮಾನ ಆ ಒಂದು ಪದದಲ್ಲಿ ನನಗೆ ಕೇಳಿಸುತ್ತದೆ. ಪೀಟರ್‌ಬರೋದ ಕುಟೀರಗಳಲ್ಲಿಯೂ ಅಷ್ಟೆ: ಗೋಡೆಯ ಮೇಲೆ ಮರದ ಹಲಗೆಗಳಿವೆ, ಉಳಿದು ಹೋದ ಒಬ್ಬೊಬ್ಬರೂ ಅದರಲ್ಲಿ ಹೆಸರು ಬರೆದು ಹೋಗುತ್ತಾರೆ. ಕಲ್ಲಾಗಲಿ, ಮರವಾಗಲಿ, 'ನಾನಿಲ್ಲಿ ಇದ್ದೆ' ಎನ್ನುವ ಆಸೆ ಒಂದೇ.

ಇನ್ನು ನಮ್ಮ ಕಾಲಕ್ಕೆ ಹತ್ತಿರದವರೆಂದರೆ ಕೆ. ವೆಂಕಟಪ್ಪನವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು ಮೈಸೂರಿಗೆ ಹಿಂದಿರುಗಿದ ಈ ಏಕಾಂತಪ್ರಿಯರು 1926ರಲ್ಲಿ ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನದೇ ಚಿತ್ರಶಾಲೆಯಿದೆ. ಅವರ ಮುಂಗಾರಿನ ಮೋಡ, ಕೆರೆಯ ಮೇಲಿನ ಮಂಜು ಇವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಂಜನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರೆಯುವುದಕ್ಕಾಗುವುದಿಲ್ಲ. ಅದು ಬರುತ್ತದೆ, ನಿಲ್ಲುತ್ತದೆ, ಮನಸ್ಸಾದಾಗ ಏಳುತ್ತದೆ. ಅದರ ಮನಸ್ಸು ತಿಳಿಯುವ ತನಕ ಕಾಯಲೇಬೇಕು. ಕಾಯುವವನನ್ನು ದಾರಿಯಲ್ಲಿ ಹೋಗುವವರು ಏನೆನ್ನುತ್ತಾರೆ? ಸೋಂಬೇರಿ ಎನ್ನುತ್ತಾರೆ.

ಇಂಥ ಕಾಯುವಿಕೆಗೆ ಒಂದು ಸೂರು ಬೇಕೆಂದು ನಮ್ಮ ಬೆಂಗಳೂರಿನಲ್ಲಿಯೇ ಒಬ್ಬರು ತಮ್ಮ ಮನೆಯನ್ನು ಕೊಟ್ಟಿದ್ದಾರೆ. ಶಾಂತಿನಗರದ 'ಒನ್ ಶಾಂತಿರೋಡ್' ಎಂಬ ಜಾಗದ ಮಾತನ್ನು ಹೇಳುತ್ತಿದ್ದೇನೆ. ಕಲಾ ಇತಿಹಾಸವನ್ನು ಓದಿ, ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಪಾಠ ಹೇಳಿದ ಸುರೇಶ್ ಜಯರಾಮ್ ಅವರು 2003ರಲ್ಲಿ ಇದನ್ನು ಆರಂಭಿಸಿದರು. ಮನೆಯನ್ನು ರೂಪಿಸಿದವರು ವಾಸ್ತುಶಿಲ್ಪಿ ಮೀತಾ ಜೈನ್. ಅಲ್ಲಿ ಗೋಡೆಗಳ ಮೇಲೆ ಪ್ರದರ್ಶನ ನಡೆಯುತ್ತದೆ. ದೇಶವಿದೇಶಗಳಿಂದ ಬಂದ ಕಲಾವಿದರು ಉಳಿದು ಕೆಲಸ ಮಾಡುತ್ತಾರೆ. ಸಂಜೆ ಯಾರಾದರೂ ತಮ್ಮ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಮಾತನಾಡುತ್ತಾರೆ. ಆದರೆ ಆ ಮನೆಯ ನಿಜವಾದ ಗರ್ಭಗುಡಿ ಅಡಿಗೆಮನೆ ಎಂದು ನನ್ನ ಅಭಿಪ್ರಾಯ. ಒಂದು ಕೊಠಡಿಯಲ್ಲಿ ಅರ್ಥವಾಗದ ಚಿತ್ರವನ್ನು ನೋಡಿ ಗಾಬರಿಯಾದವನು ಇನ್ನೊಂದು ಕೊಠಡಿಯಲ್ಲಿ ಸಾರಿನ ಪರಿಮಳವನ್ನು ಕಂಡು ಧೈರ್ಯ ತಂದುಕೊಳ್ಳುತ್ತಾನೆ. ಅದನ್ನು ಬರೆದ ಪುಣ್ಯಾತ್ಮ ಪಕ್ಕದಲ್ಲಿಯೇ ತಟ್ಟೆ ಹಿಡಿದು ನಿಂತಿರುತ್ತಾನೆ. ಇದೇನೆಂದು ಕೇಳುವುದಕ್ಕೆ ಸಂಕೋಚವಾಗುವುದಿಲ್ಲ.

ಇದು ಸಣ್ಣ ಸಂಗತಿಯಲ್ಲ. ಈ ಕಾಲದ ಕಲೆಯನ್ನು ಕಂಡು ಹೆದರುವವರಲ್ಲಿ ನಾವು ಓದಿದವರೇ ಹೆಚ್ಚು. ನಗರದ ಒಂದು ಪ್ರದರ್ಶನಕ್ಕೆ ನನ್ನ ಜೊತೆ ಬಂದಿದ್ದ ಮಿತ್ರರೊಬ್ಬರು ಗೋಡೆಗೆ ಒರಗಿಸಿದ್ದ ಏಣಿಯೊಂದರ ಮುಂದೆ ಕೈಕಟ್ಟಿ ಐದು ನಿಮಿಷ ನಿಂತರು. ಅದರಲ್ಲಿ ಮಾನವನ ಆರೋಹಣವನ್ನೋ ಪತನವನ್ನೋ ಕಾಣುವುದರಲ್ಲಿದ್ದರು. ಅಷ್ಟರಲ್ಲಿ ದೀಪ ಹಾಕುವ ಹುಡುಗ ಬಂದು, "ಸ್ವಲ್ಪ ಸರೀರಿ ಸಾರ್," ಎಂದು ಏಣಿಯನ್ನು ಹೊತ್ತುಕೊಂಡು ಹೋದ. ಮಿತ್ರರ ತಪ್ಪೇನೂ ಇಲ್ಲ. ಪ್ರದರ್ಶನವೆಂಬುದು ಮದುವೆಯ ಆರತಕ್ಷತೆಯಂತೆ. ಗಂಡುಹೆಣ್ಣು ಸಿಂಗರಿಸಿಕೊಂಡು ನಿಂತಿರುತ್ತಾರೆ. ನಾವು ಕೈಮುಗಿದು, ಊಟ ಮಾಡಿ ಬರುತ್ತೇವೆ. ಸಂಸಾರ ಹೇಗಿದೆಯೆಂಬುದು ತಿಳಿಯಬೇಕಾದರೆ ಅವರ ಮನೆಯಲ್ಲಿ ಹತ್ತು ದಿನ ಇರಬೇಕು. ಆ ಹತ್ತು ದಿನ ನನಗೆ ದೊರೆತದ್ದು ಜಾವಳಿಯಲ್ಲಿ.

ಮೂಡಿಗೆರೆ ತಾಲ್ಲೂಕಿನ ಜಾವಳಿ ಹೇಮಾವತಿ ನದಿ ಹುಟ್ಟುವ ಊರು. ಸಕಲೇಶಪುರವನ್ನು ಹಾದು, ಗೊರೂರಿನಲ್ಲಿ ಅಣೆಕಟ್ಟೆಯನ್ನು ತುಂಬಿ, ಕಾವೇರಿಯನ್ನು ಸೇರುವ ಅಷ್ಟು ದೊಡ್ಡ ಹೊಳೆ ನಮ್ಮಲ್ಲಿ ಒಂದು ಬಿಂದಿಗೆಯನ್ನು ತುಂಬಿಸಲು ಆಲೋಚನೆ ಮಾಡುವಷ್ಟು ಸಣ್ಣದಾಗಿ ಹೊರಡುತ್ತದೆ. ನಾನು ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ತೋಟವನ್ನು ನೋಡಿಕೊಂಡವನು ಅಣ್ಣಯ್ಯ. ಕಣದ ಪಕ್ಕದಲ್ಲಿ ನಮ್ಮ ತಂದೆಯ ಕಾಲದ ಒಂದು ಹೆಂಚಿನ ಗೋದಾಮಿದೆ. ಕುಯ್ಲು ಮುಗಿದು, ಒಣಗಿದ ಕಾಫಿ ಕ್ಯೂರಿಂಗಿಗೆ ಹೋದ ಮೇಲೆ, ಮುಂಗಾರಿನುದ್ದಕ್ಕೂ ಅದು ಖಾಲಿ. ನನ್ನ ಸ್ನೇಹಿತರೊಬ್ಬರ ಮಗಳು ಚಿತ್ರಕಲೆ ಕಲಿತು ಹೊರಬಿದ್ದಿದ್ದಳು. ಯಾವ ಬಿಡಾರಕ್ಕೆ ಅರ್ಜಿ ಹಾಕಿದರೂ ಅವಳಿಗೆ 'ಏನು ಮಾಡುತ್ತೀರಿ, ಮೊದಲೇ ಬರೆದು ಕಳಿಸಿ' ಎಂಬ ಉತ್ತರ. "ಏನು ಮಾಡ್ತೀನಿ ಅಂತ ಗೊತ್ತಿದ್ದರೆ ಮನೆಯಲ್ಲೇ ಮಾಡ್ತಿದ್ದೆ," ಎಂದಳು ಹುಡುಗಿ. ಆ ಮಾತು ನನಗೆ ಹಿಡಿಸಿತು. 2022ರ ಜೂನಿನಲ್ಲಿ ಆರು ವಾರಕ್ಕೆಂದು ಅವಳನ್ನು ಊರಿಗೆ ಕರೆದುಕೊಂಡು ಹೋದೆ, ನಾನೂ ಉಳಿದೆ.

ಮುಂಗಾರಿನ ಜಾವಳಿಯಲ್ಲಿ ಬೆಳಗು ಯಾವುದು, ಸಂಜೆ ಯಾವುದು ಎಂಬುದು ಗಡಿಯಾರಕ್ಕೆ ಮಾತ್ರ ತಿಳಿದಿರುತ್ತದೆ. ಕರೆಂಟು ಹೋದರೆ ಎಂದು ಬರುತ್ತದೆಂದು ಯಾರೂ ಕೇಳುವುದಿಲ್ಲ. ದೂರವಾಣಿ ಸತ್ತಿರುತ್ತದೆ. ಬಟ್ಟೆ ಒಣಗುವುದಿಲ್ಲ; ಇಂಬಳ ಮಾತ್ರ ಚುರುಕಾಗಿರುತ್ತದೆ. ಮೊದಲ ಎರಡು ವಾರ ಹುಡುಗಿ ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಳೆಯನ್ನು ನೋಡುತ್ತ ಕೂತಳು. ಕಾಗದವಿತ್ತು, ಬಣ್ಣವಿತ್ತು, ಕುಂಚವಿತ್ತು, ಯಾವುದನ್ನೂ ಮುಟ್ಟಲಿಲ್ಲ. ಅತ್ತಿಗೆ ಕಡುಬು, ಕಳಲೆ ಪಲ್ಯ, ಪತ್ರೊಡೆ ಎಂದು ಒಂದೊಂದು ದಿನ ಒಂದೊಂದನ್ನು ಮಾಡಿ, "ತಿನ್ನು ಮಗೂ, ತಲೆ ಓಡ್ತದೆ," ಎಂದು ಬಡಿಸಿದರು. ತಲೆ ಓಡಿದ ಗುರುತು ಹೊರಗೆ ಕಾಣಲಿಲ್ಲ.

ಅಣ್ಣಯ್ಯ ಕೆಟ್ಟವನಲ್ಲ. ಆದರೆ ಅವನ ಕಣ್ಣ ಮುಂದೆ ಇನ್ನೊಂದು ದೃಶ್ಯವಿತ್ತು. ಕಂಬಳಿ ಕೊಪ್ಪೆ ಹೋಗಿ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ, ಅಷ್ಟೆ. ಮಳೆಯಲ್ಲಿ ನೆನೆಯುವುದು ತಪ್ಪಿಲ್ಲ. ಹೆಣ್ಣಾಳುಗಳು ಬೆಳಗಿನಿಂದ ತೋಟದಲ್ಲಿ ಬಗ್ಗಿ ಕೆಲಸ ಮಾಡಿ, ಸಂಜೆ ಲೈನು ಮನೆಗೆ ಹೋಗುವಾಗ ಗೋದಾಮಿನ ಮುಂದೆಯೇ ಹಾದುಹೋಗಬೇಕು. ಕುರ್ಚಿಯಲ್ಲಿ ಕೂತವಳನ್ನು ನೋಡುತ್ತ ಹೋಗುತ್ತಿದ್ದರು. "ಅವರು ಎಂಥ ಅಂದ್ಕೊಳ್ಳೋದಿಲ್ಲ? ನಮಗೆ ದಿನದ ಲೆಕ್ಕ, ಇವಳಿಗೆ ಲೆಕ್ಕವೇ ಇಲ್ಲ ಅಂತ," ಎಂದು ಒಂದು ರಾತ್ರಿ ಅಣ್ಣಯ್ಯ ಕೇಳಿದ. ನಾನು ವೆಂಕಟಪ್ಪನವರ ಮಂಜನ್ನೂ ಮೇರಿಯನ್ನರ ಬುಟ್ಟಿಯನ್ನೂ ಹೇಳಿನೋಡಿದೆ. ಆ ಹೊತ್ತಿನಲ್ಲಿ ಅವು ಬಹಳ ತೆಳುವಾಗಿ ಕೇಳಿಸಿದವು. ಕಲಾವಿದನ ಬಿಡುವು ಬೇರೊಬ್ಬರ ದುಡಿಮೆಯ ಮೇಲೆ ಕೂತಿರುತ್ತದೆ ಎಂಬುದು ಸುಳ್ಳಲ್ಲ. ಬೇಲೂರಿನಲ್ಲಿಯೂ ಸುಳ್ಳಲ್ಲ, ಪೀಟರ್‌ಬರೋದಲ್ಲಿಯೂ ಸುಳ್ಳಲ್ಲ. ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ಸದ್ದಿಲ್ಲದೆ ಹೋಗುವವನಿಗೂ ಎರಡು ಕಾಲಿವೆಯಲ್ಲ!

ಮೂರನೆಯ ವಾರ ಹುಡುಗಿ ಅಣ್ಣಯ್ಯನ ಬಳಿಗೆ ಬಂದು, "ದೊಡ್ಡಪ್ಪ, ನಿಮ್ಮ ಮಳೆ ಪುಸ್ತಕ ಕೊಡ್ತೀರಾ?" ಎಂದಳು.

ಪೇಟೆಯ ಓದುಗರಿಗೆ ಈ ಮಳೆ ಪುಸ್ತಕದ ವಿಷಯ ಹೇಳಬೇಕು. ಕಾಫಿ ಬೆಳೆಗಾರನ ಮನೆಯಲ್ಲಿ ದೇವರ ಪಟ ಇಲ್ಲದಿದ್ದರೂ ಇರಬಹುದು, ಮಳೆಮಾಪಕ ಇಲ್ಲದೆ ಇರುವುದಿಲ್ಲ. ಬೆಳಿಗ್ಗೆ ಎದ್ದು ಹಿಂದಿನ ದಿನದ ಮಳೆಯನ್ನು ಅಳೆದು, ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಸಮಯಕ್ಕೆ ಬಂತೋ ಇಲ್ಲವೋ, ಆಷಾಢದಲ್ಲಿ ಹೆಚ್ಚಾಗಿ ಕಾಯಿ ಉದುರಿತೋ, ಎಲ್ಲಕ್ಕೂ ಆ ಪುಸ್ತಕವೇ ಸಾಕ್ಷಿ. ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತು, "ನಿಮ್ಮಲ್ಲಿ ಎಷ್ಟಾಯ್ತು?" ಎಂದೇ. ನಮ್ಮ ತಂದೆ ಬರೆದ ಪುಸ್ತಕಗಳೂ ಅಣ್ಣಯ್ಯ ಬರೆದವೂ ಒಟ್ಟಿಗೆ ಒಂದು ಟ್ರಂಕಿನಲ್ಲಿದ್ದವು. ಅವನ್ನು ಬೇರೆಯವರು ಕೇಳಿದ್ದು ಅದೇ ಮೊದಲು. ಅಣ್ಣಯ್ಯ ಏನೂ ಹೇಳದೆ ಟ್ರಂಕಿನ ಬೀಗದಕೈಯನ್ನು ಕೊಟ್ಟ.

ಅಲ್ಲಿಂದ ಮುಂದೆ ಅವಳು ಕೂತದ್ದನ್ನು ಯಾರೂ ನೋಡಲಿಲ್ಲ. ಉದ್ದುದ್ದನೆಯ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಒಂದೊಂದು ತಿಂಗಳಿಗೆ ಒಂದೊಂದು ಪಟ್ಟಿಯಂತೆ, ದಿನಕ್ಕೊಂದು ಗೀಟು ಎಳೆದಳು. ಮಳೆ ಎಷ್ಟೋ ಬಣ್ಣದ ನೀರು ಅಷ್ಟು. ನೀಲಿಯನ್ನು ಬಳಸಲಿಲ್ಲ. ಕಾಫಿಯ ಗಸಿಯನ್ನು ಕುದಿಸಿ ಸೋಸಿದ ಕಂದುಬಣ್ಣ. ನಮ್ಮ ಹೊಳೆಗೆ ಮುಂಗಾರಿನಲ್ಲಿ ಬರುವ ಬಣ್ಣ. ಬೇಸಗೆಯ ತಿಂಗಳುಗಳಲ್ಲಿ ಕಾಗದ ಬಹುಮಟ್ಟಿಗೆ ಬಿಳಿ. ಜುಲೈ ಬಂತೆಂದರೆ ಗೀಟು ಗೀಟಿಗೆ ಕೂಡಿ, ಕಾಗದವೇ ನೆನೆದು ಸುರುಳಿಗಟ್ಟಿದಂತೆ ಕಾಣುತ್ತಿತ್ತು. ಆರನೆಯ ವಾರದ ಕೊನೆಯ ಭಾನುವಾರ ಗೋದಾಮಿನ ತೊಲೆಗಳಿಂದ ಈ ಪಟ್ಟಿಗಳನ್ನು ಇಳಿಬಿಟ್ಟಳು. ಆಹ್ವಾನಪತ್ರಿಕೆ ಇಲ್ಲ, ಉದ್ಘಾಟಕರಿಲ್ಲ. ಅತ್ತಿಗೆಯ ಅಕ್ಕಿರೊಟ್ಟಿ, ಕಾಫಿ. ಸುತ್ತಿನ ತೋಟದವರು ಬಂದರು. ಲೈನು ಮನೆಯವರು ಮಕ್ಕಳೊಡನೆ ಬಂದರು.

ಓದುಗರು ನಂಬಬೇಕು: ಅಲ್ಲಿ ಇದೇನೆಂದು ಕೇಳಿದವರು ಒಬ್ಬರೂ ಇಲ್ಲ. ಬೆಳೆಗಾರರು ನೇರವಾಗಿ ತಮಗೆ ನೆನಪಿದ್ದ ವರ್ಷದ ಬಳಿಗೆ ಹೋಗಿ ನಿಂತರು. "ನೋಡು, ನಿನ್ನ ಮದುವೆ ವರ್ಷ. ಚಪ್ಪರ ಬಿದ್ದಿತ್ತಲ್ಲ," ಎಂದು ಒಬ್ಬರು ಹೆಂಡತಿಗೆ ತೋರಿಸಿದರು. ಹೆಣ್ಣಾಳುಗಳಲ್ಲಿ ಹಿರಿಯಳಾದವಳು ಪಟ್ಟಿಗಳ ನಡುವೆ ಎರಡು ಸುತ್ತು ಬಂದು, ಜೊತೆಯವಳಿಗೆ, "ಸುಮ್ನೆ ಕೂತಿದಾರೆ ಅಂದ್ಕಂಡಿದ್ವಿ ಕಣೇ. ನೋಡ್ತಾ ಇದ್ರಂತೆ," ಎಂದಳು. ಕಲೆಯ ಮೇಲೆ ನಾನು ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಚಿಕ್ಕದು ಇಲ್ಲ; ಇದಕ್ಕಿಂತ ದೊಡ್ಡದೂ ಇಲ್ಲ.

2019ರ ಆಗಸ್ಟ್ ತಿಂಗಳ ಪಟ್ಟಿಯ ಮುಂದೆ ಒಬ್ಬ ಮುದುಕರು ಬಹಳ ಹೊತ್ತು ನಿಂತಿದ್ದರು. ಆ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡಗಳು ಜರಿದು ಮನೆ, ಗದ್ದೆ, ತೋಟಗಳು ಮಣ್ಣಿನಡಿ ಹೋದವು; ಎಷ್ಟೋ ಸಂಸಾರಗಳು ಹುಟ್ಟಿದ ನೆಲವನ್ನೇ ಬಿಟ್ಟು ಎದ್ದುಬರಬೇಕಾಯಿತು. ಈ ಮುದುಕರೂ ಹಾಗೆ ತೋಟವನ್ನು ಕಳೆದುಕೊಂಡವರು. ಆ ಪಟ್ಟಿಯಲ್ಲಿ ಎರಡನೆಯ ವಾರದ ಕಡೆಗೆ ಗೀಟುಗಳು ದಪ್ಪವಾಗುತ್ತ, ಕಪ್ಪಾಗುತ್ತ ಬಂದು, ಇದ್ದಕ್ಕಿದ್ದಂತೆ ಒಂದು ಕಡೆ ಬರಿಯ ಬಿಳಿ ಕಾಗದವಿತ್ತು.

"ಇಲ್ಲಿ ಯಾಕಮ್ಮ ಎಂಥದೂ ಇಲ್ಲ?" ಎಂದು ಕೇಳಿದರು.

"ಪುಸ್ತಕದಲ್ಲಿ ಆ ದಿನ ಅಂಕಿ ಇಲ್ಲ ಅಜ್ಜ. ಮಾಪಕ ತುಂಬಿ ಹೊರಗೆ ಚೆಲ್ಲಿದೆ, ಅಳೆಯಲು ಆಗಲಿಲ್ಲ ಅಂತ ಬರೆದಿದೆ. ಅದಕ್ಕೆ ಹಾಗೇ ಬಿಟ್ಟೆ."

ಅವರು ಆ ಬಿಳಿಯ ಮೇಲೆ ಬೆರಳಿಟ್ಟರು. ನಗರದ ಚಿತ್ರಶಾಲೆಯಾಗಿದ್ದರೆ ಕಾವಲುಗಾರ ಓಡಿಬರುತ್ತಿದ್ದ. ಹುಡುಗಿ ಸುಮ್ಮನಿದ್ದಳು. "ಸರಿ ಮಾಡಿದೀಯ," ಎಂದರು ಮುದುಕರು. "ಅವತ್ತು ನಮಗೂ ಆಗಲಿಲ್ಲ."

ಅಷ್ಟೇ ಹೇಳಿ ಕಾಫಿ ಕುಡಿದು ಹೋದರು. ಅಣ್ಣಯ್ಯ ಅದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ.

ಆ ದಿನದಿಂದ ಈ ವಿಷಯವನ್ನು ನಾನು ಬಹಳವಾಗಿ ಆಲೋಚಿಸಿದ್ದೇನೆ. ಹುಡುಗಿ ಎರಡು ದಿನಕ್ಕೆ ಬಂದು, ಜರಿದ ಗುಡ್ಡದ ಮುಂದೆ ನಿಂತು ಒಂದು ಚಿತ್ರ ಬರೆದುಕೊಂಡು ಹೋಗಿದ್ದರೆ ಅದು ಚೆನ್ನಾಗಿಯೇ ಇರುತ್ತಿತ್ತು. ಬೆಂಗಳೂರಿನಲ್ಲಿ ನಾಲ್ಕು ಜನ ಮರುಗುತ್ತಿದ್ದರು, ಒಬ್ಬರು ಕೊಳ್ಳುತ್ತಿದ್ದರು. ಬೇರೆಯವರ ದುಃಖದ ಮೇಲೆ ಬಣ್ಣ ಹಾಕುವುದು ಅಷ್ಟು ಕಷ್ಟದ ಕೆಲಸವಲ್ಲ. ಹಾಕದೆ ಬಿಡುವುದು ಕಷ್ಟ. ಎಲ್ಲಿ ಬಿಡಬೇಕೆಂದು ತಿಳಿಯುವುದಕ್ಕೆ ಆ ಎರಡು ವಾರದ ಕುರ್ಚಿ ಬೇಕಾಗಿತ್ತು, ಟ್ರಂಕಿನ ಬೀಗದಕೈ ಬೇಕಾಗಿತ್ತು, ಅತ್ತಿಗೆಯ ಕಡುಬೂ ಬೇಕಾಗಿತ್ತು. ಬಿಡಾರದ ಕಾಲದಲ್ಲಿ 'ಏನು ಮಾಡಿದೆ?' ಎಂದು ಕೇಳದಿರುವುದು ಊರಿನ ಋಣ. ಹೊರಡುವ ಮೊದಲು ಮಾಡಿದ್ದನ್ನು ಅನ್ನ ಹಾಕಿದವರಿಗೇ ಮೊದಲು ತೋರಿಸುವುದು ಕಲಾವಿದನ ಋಣ. ಈ ಎರಡು ಋಣಗಳು ಸಂದರೆ ಪ್ರದರ್ಶನಕ್ಕೂ ಬಿಡಾರಕ್ಕೂ ಜಗಳವಿಲ್ಲ.

ಇಂಥ ಜಾಗಗಳು ತಾವಾಗಿ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. 2015ರಲ್ಲಿ ಸರಕಾರ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಒಪ್ಪಂದ ಮಾಡಿಕೊಂಡಾಗ, ಬೆಂಗಳೂರಿನ ಕಲಾವಿದರು ಒಟ್ಟಾಗಿ ನಿಂತು ಪ್ರತಿಭಟಿಸಿದರು. ಎರಡು ಕಡೆಯ ವಾದವನ್ನೂ ನಾನು ಕೇಳಿದ್ದೇನೆ. ಆದರೆ ಆಗ ಕಲಾವಿದರು ಹೇಳಿದ್ದರಲ್ಲಿ ಒಂದು ಮಾತು ಸರಿಯೆನಿಸಿತು: ದೊಡ್ಡ ಹೆಸರಿಲ್ಲದ ಹುಡುಗನೊಬ್ಬ ತನ್ನ ಚಿತ್ರಗಳನ್ನು ಮೊದಲ ಬಾರಿಗೆ ತೂಗುಹಾಕುವುದಕ್ಕೆ ಊರಿನಲ್ಲಿ ಒಂದು ಸಾರ್ವಜನಿಕ ಗೋಡೆ ಇರಬೇಕು. ಗೋಡೆಯ ಮಾತಾಯಿತು. ಗೋಡೆಗಿಂತ ಮೊದಲು ಒಂದು ಕಟ್ಟೆಯೂ ಇರಬೇಕೆಂದು ನಾನು ಸೇರಿಸುತ್ತೇನೆ.

ಅದು ಬೆಂಗಳೂರಿನಲ್ಲಿಯೇ ಇರಬೇಕೆಂದಿಲ್ಲ. ಮೈಸೂರಿನಲ್ಲಿ ಓದಿದ ಪೂರ್ಣಚಂದ್ರ ತೇಜಸ್ವಿಯವರು ನಮ್ಮ ಮೂಡಿಗೆರೆಗೆ ಬಂದು, ತೋಟ ಮಾಡಿ, ಗಾಳ ಹಾಕಿ ಮೀನಿಗೆ ಕಾದು, ಕ್ಯಾಮೆರ ಹಿಡಿದು ಹಕ್ಕಿಗೆ ಕಾದು, 2007ರಲ್ಲಿ ತೀರಿಕೊಳ್ಳುವ ತನಕ ಇಲ್ಲಿಯೇ ಇದ್ದರು. ಕಾಯುವುದನ್ನೇ ವಿದ್ಯೆ ಮಾಡಿಕೊಂಡವರು ಅವರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ. ನೀರುದೋಸೆಗೆಂದು ಬಸ್ಸಿಳಿದವರು ಅಲ್ಲಿಗೂ ಹೋಗಿ ಬರುತ್ತಾರೆ. ಮಲೆನಾಡಿನ ಊರೂರಿನಲ್ಲಿ ಮುಂಗಾರಿನ ನಾಲ್ಕು ತಿಂಗಳು ಖಾಲಿ ಬಿದ್ದಿರುವ ಗೋದಾಮುಗಳು ಎಷ್ಟಿವೆಯೋ! ಅವುಗಳಿಗೆ ಬೇಕಾದದ್ದು ಒಂದು ಕುರ್ಚಿ, ಒಂದು ದೀಪ, ಬಾಗಿಲು ತಟ್ಟದ ಮನೆಯವರು.

ಈಚೆಗೆ ಊರಿಗೆ ಹೋದಾಗ ಅಣ್ಣಯ್ಯ ಗೋದಾಮಿನ ಮಾಡಿಗೆ ಆಳು ಹತ್ತಿಸಿದ್ದ. ಒಡೆದ ಹೆಂಚುಗಳನ್ನು ತೆಗೆಸಿ ಹೊಸದನ್ನು ಹಾಕಿಸುತ್ತಿದ್ದ. ಕಾಫಿಯೆಲ್ಲ ಆಗಲೇ ಕ್ಯೂರಿಂಗಿಗೆ ಹೋಗಿತ್ತು.

"ಖಾಲಿ ಗೋದಾಮಿಗೆ ಈಗ ಎಂಥ ಅವಸರ, ಅಣ್ಣಯ್ಯ?" ಎಂದೆ.

"ಜೂನ್ ಬಂತಲ್ಲ ಮಾರಾಯ. ಯಾರಾದ್ರೂ ಬಂದ್ರೆ ಕಾಗದದ ಮೇಲೆ ಸೋರಬಾರ್ದು," ಎಂದು ಹೇಳಿ, ಮಾಡಿನ ಮೇಲಿದ್ದವನಿಗೆ ಇನ್ನೊಂದು ಹೆಂಚನ್ನು ಎತ್ತಿಕೊಟ್ಟ.